ಪಿನ್ಯಾ ಕೊಲಾಡಾ ಹುಣ್ಣಿಮೆ

"ಇವತ್ತು ಏನು ವಿಶೇಷ, ಹೇಳಿ ನೋಡೋಣ?" ಅಂತ ಕೇಳುತ್ತಲೇ ಕಿಟ್ಟಿ ಜಗಲಿ ಹತ್ತಿದ. ಒಂದು ಕೈಯಲ್ಲಿ ನೀರಿಳಿಯುವ ಛತ್ರಿ, ಇನ್ನೊಂದರಲ್ಲಿ ಅನಾನಸ್. ಅದರ ಜುಟ್ಟು ಹಿಡಿದು ತುಂಟ ಹುಡುಗನನ್ನು ಶಾಲೆಗೆ ಎಳೆದು ತರುವ ಹಾಗೆ ತಂದಿದ್ದ.

"ಗುರುಪೂರ್ಣಿಮೆ," ಅಂದರು ರಾಘಣ್ಣ, ಪಂಚಾಂಗದಿಂದ ಕಣ್ಣೆತ್ತದೆ. "ಗುರುವಾರವೇ ಬಂದಿದೆ, ಇನ್ನೂ ವಿಶೇಷ."

"ಅದಲ್ಲ."

"ನಾಲ್ಕು ದಿನದಿಂದ ಒಗೆದ ಬಟ್ಟೆ ಒಣಗಿಲ್ಲ, ಅದು ವಿಶೇಷ," ಒಳಗಿನಿಂದ ಜಯಕ್ಕನ ದನಿ.

"ಅದೂ ಅಲ್ಲ. ಜುಲೈ 10! ಪಿನ್ಯಾ ಕೊಲಾಡಾ ದಿನ!"

ಶೀನ ಓದುತ್ತಿದ್ದ ಪೇಪರನ್ನು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟ. ಅವನು ಪೇಪರ್ ಮಡಚಿದ ಅಂದರೆ ಯಾರಿಗೋ ಗ್ರಹಚಾರ ಅಂತ ಲೆಕ್ಕ.

"ಪಾಪ, ಯಾರವರು? ಜಯಂತಿಯೋ, ಪುಣ್ಯತಿಥಿಯೋ?"

"ಅವರು ಅಲ್ಲ ಕಣೋ, ಅದು! ಕಾಕ್‌ಟೇಲ್. ಬಿಳಿ ರಮ್ಮು, ಅನಾನಸ್ ರಸ, ಗಟ್ಟಿ ತೆಂಗಿನಹಾಲು, ಐಸ್ ಹಾಕಿ ರುಬ್ಬೋದು. ಪೋರ್ಟೊ ರಿಕೊದ್ದು. ನಾವು ಹಡಗಲ್ಲಿ ಹೋಗಿದ್ವಲ್ಲ..."

ಹಡಗು ಅಂದ ಕೂಡಲೇ ಪುಟ್ಟಸ್ವಾಮಿ ಕಾಲು ನೀಡಿ ಗೋಡೆಗೆ ಒರಗಿಕೊಂಡ. ಮಗ ಸೊಸೆ ಎರಡು ವರ್ಷದ ಹಿಂದೆ ಕಿಟ್ಟಿ ದಂಪತಿಯನ್ನು ಆ ಕೆರಿಬಿಯನ್ ಹಡಗಿಗೆ ಹತ್ತಿಸಿದ್ದರು. ಅವರು ಇಳಿದು ಬಂದರೂ ಹಡಗು ಮಾತ್ರ ವಾರಕ್ಕೊಮ್ಮೆ ಈ ಜಗಲಿಗೆ ಲಂಗರು ಹಾಕುತ್ತಲೇ ಇದೆ.

"ನಮ್ಮ ಅಜ್ಜಿಗೆ ವರ್ಷಕ್ಕೆ ಇದ್ದದ್ದು ಇಪ್ಪತ್ತು ಹಬ್ಬ ಇರಬಹುದು," ಶೀನ ಶುರು ಮಾಡಿದ. "ಒಂದೊಂದಕ್ಕೂ ಎರಡು ದಿನ ಕೆಲಸ, ಅರ್ಧ ಗಂಟೆ ಊಟ. ಈಗ ದಿನಕ್ಕೊಂದು ಹಬ್ಬ. ಕೆಲಸ ಅಂದ್ರೆ ಹೆಬ್ಬೆರಳಲ್ಲಿ ಫಾರ್ವರ್ಡ್ ಒತ್ತೋದು, ಅಷ್ಟೇ. ಮಾರ್ಚ್ 30 ಇಡ್ಲಿ ದಿನವಂತೆ. ಸೆಪ್ಟೆಂಬರ್ 2 ತೆಂಗಿನಕಾಯಿ ದಿನ. ಅಕ್ಟೋಬರ್ 1 ಕಾಫಿ ದಿನ. ಮಿಕ್ಕ ದಿನ ನಾವೇನು ಕಾಫಿ ಬದಲು ಎಣ್ಣೆ ಕುಡೀತೀವಾ?"

"ಕೆಲವರು ಕುಡೀತಾರೆ," ಅಂದ ಪುಟ್ಟಸ್ವಾಮಿ. ಅಷ್ಟರಲ್ಲಿ ಅವನು ಮೊಬೈಲ್ ತೆಗೆದು ಕಿಟ್ಟಿಯ ಮಾತನ್ನು ತಾಳೆ ನೋಡುತ್ತಿದ್ದ. "ಶೀನಣ್ಣ, ಇಲ್ ನೋಡಿ. ಅಮೆರಿಕದಾಗೆ ಇವತ್ತೇ ಬೆಕ್ಕಿನ ಮರಿ ದಿನಾನೂ ಐತಂತೆ. ಕಿಟನ್ ಡೇ."

"ಕಿಟ್ಟನ ದಿನ! ಮೊದಲೇ ಹೇಳಬಾರದಾ ಮಾರಾಯ? ಬಾ ಕಿಟ್ಟಿ, ಕೂತ್ಕೋ, ಜಯಾ, ಒಂದು ಬಟ್ಟಲು ಹಾಲು ತಗೊಂಡು ಬಾ."

ರಾಘಣ್ಣ ನಗಲಿಲ್ಲ. ಶಾಸ್ತ್ರ ಬಂದಾಗ ಅವರು ನಗುವುದಿಲ್ಲ. "ದಿನ ಅಂದ ಮೇಲೆ ನಿರ್ಣಯ ಬೇಕು," ಅಂದರು. "ಇದು ತಿಥಿಗೋ, ತಾರೀಖಿಗೋ? ಚಾಂದ್ರಮಾನವೋ, ಸೌರಮಾನವೋ?"

"ಸೌರಮಾನ ಅಲ್ಲ ರಾಘಣ್ಣ, ಸುರಾಮಾನ," ಅಂದ ಶೀನ. "ಹೇಳಪ್ಪಾ ಕಿಟ್ಟಿ. ವ್ರತ ಅಂದ ಮೇಲೆ ಕಥೆ ಇರಲೇಬೇಕು. ಸೂತ ಪುರಾಣಿಕರ ಹಾಗೆ ಹೇಳು. ಯಾರು, ಯಾವಾಗ, ಯಾಕೆ ಮಾಡಿದ್ರು, ಮಾಡಿದೋರಿಗೆ ಏನು ಫಲ ಬಂತು?"

ಕಿಟ್ಟಿಗೆ ಇಷ್ಟೇ ಬೇಕಾಗಿತ್ತು. ಅನಾನಸನ್ನು ಸ್ಟೂಲಿನ ಮೇಲೆ ಕಲಶದ ಹಾಗೆ ಪ್ರತಿಷ್ಠಾಪಿಸಿ ಹೇಳತೊಡಗಿದ.

"ಸಾನ್ ಹ್ವಾನ್ ಅಂತ ರಾಜಧಾನಿ. ಅಲ್ಲಿ ಕರೀಬೆ ಹಿಲ್ಟನ್ ಅಂತ ಹೋಟ್ಲು, 1949ರದ್ದು, ಸಮುದ್ರದ ಪಕ್ಕಕ್ಕೇ ಇದೆ. ಅಲ್ಲಿ ಬಾರ್ ನೋಡ್ಕೊಳ್ತಿದ್ದೋರು ರಾಮೋನ್ ಮರ್ರೇರೋ. ದ್ವೀಪದ ರುಚಿಯೆಲ್ಲ ಒಂದೇ ಲೋಟದಲ್ಲಿ ಬರಬೇಕು ಅಂತ ಮೂರು ತಿಂಗಳು ಹಾಕಿ ನೋಡಿ, ಕುಡಿದು ನೋಡಿ, 1954ರಲ್ಲಿ ಇದನ್ನ ಹದಕ್ಕೆ ತಂದ್ರಂತೆ."

"ಮೂರು ತಿಂಗಳು ಕುಡಿದು ನೋಡಿದ್ರಾ!" ಪುಟ್ಟಸ್ವಾಮಿಯ ದನಿಯಲ್ಲಿ ಭಕ್ತಿ ಇತ್ತು. "ಸಂಬಳ ಕೊಟ್ಟು?"

"ಆದ್ರೆ," ಕಿಟ್ಟಿ ಮುಂದುವರಿಸಿದ, "ಹಳೇ ಊರಿನಲ್ಲಿ ಬರ್ರಾಚಿನಾ ಅಂತ ಇನ್ನೊಂದು ಹೋಟ್ಲಿದೆ. ಕಾಲಡಿಗೆ ನೀಲಿ ಕಲ್ಲು ಹಾಸಿದ ಬೀದಿಗಳು, ಎಷ್ಟು ಚಂದ ಅಂತೀರಿ. ಆ ಹೋಟ್ಲಿನ ಗೋಡೆ ಮೇಲೆ ಒಂದು ಕಲ್ಲು ಕೂರಿಸಿದ್ದಾರೆ. 1963ರಲ್ಲಿ ಪಿನ್ಯಾ ಕೊಲಾಡಾ ಹುಟ್ಟಿದ್ದು ಈ ಮನೇಲೇ, ಮಾಡಿದೋರು ರಾಮೋನ್ ಪೋರ್ತಾಸ್ ಮಿಂಗೋತ್ ಅಂತ. ನಾನು ಅದರ ಮುಂದೆ ಫೋಟೊ ತೆಗೆಸ್ಕೊಂಡಿದ್ದೀನಿ, ತೋರಿಸಿದ್ದೆನಲ್ಲ?"

"ತೋರಿಸಿದ್ದೀಯ," ಅಂತ ಮೂರು ಜನ ಒಟ್ಟಿಗೆ ಹೇಳಿದರು.

"ಇಲ್ಲೊಬ್ಬ ರಾಮಣ್ಣ, ಅಲ್ಲೊಬ್ಬ ರಾಮಣ್ಣ," ಅಂದ ಶೀನ.

"ಇನ್ನೊಬ್ಬರಿದ್ದಾರೆ. ತೆಂಗಿನಹಾಲನ್ನ ಗಟ್ಟಿ ಮಾಡಿ, ಸಿಹಿ ಹಾಕಿ, ಡಬ್ಬಕ್ಕೆ ತುಂಬಿದೋರು ಒಬ್ಬ ಪ್ರೊಫೆಸರು. ಅದಿಲ್ದೇ ಇದ್ರೆ ಆ ಇಬ್ಬರಿಗೂ ಕೆಲಸಾನೇ ಇರ್ತಿರಲಿಲ್ಲ. ಕೋಕೊ ಲೋಪೆಸ್ ಅಂತ ಡಬ್ಬ. ಅವರ ಹೆಸರು ರಾಮೋನ್ ಲೋಪೆಸ್ ಇರಿಸಾರ್ರಿ."

"ಮೂರನೇ ರಾಮಣ್ಣ! ಸಂದೇಹವೇ ಇಲ್ಲ, ಇದು ರಾಮನವಮಿಗೆ ಬರಬೇಕಾದ ಹಬ್ಬ. ತಪ್ಪಿ ಆಷಾಢಕ್ಕೆ ಬಿದ್ದಿದೆ."

"ಹೋಟ್ಲಿನೋರದ್ದು 1954, ಕಲ್ಲಿನೋರದ್ದು 1963," ರಾಘಣ್ಣ ತೂಗಿ ನೋಡಿದರು. "ಇದೇನು ದೊಡ್ಡ ವಿಷಯವಲ್ಲ. ಏಕಾದಶಿ ಸ್ಮಾರ್ತರಿಗೆ ಒಂದು ದಿನ, ಭಾಗವತರಿಗೆ ಮಾರನೇ ದಿನ ಬರಲ್ವೇ? ಹಾಗೇ. ಇಬ್ಬರೂ ಸರಿ."

"ಏಕಾದಶಿಗೆ ಒಂದು ದಿನದ ವ್ಯತ್ಯಾಸ ರಾಘಣ್ಣ. ಇಲ್ಲಿ ಒಂಬತ್ತು ವರ್ಷ. ನಮ್ಮಲ್ಲೂ ಇದೆಯಲ್ಲ, ಬೆಣ್ಣೆ ದೋಸೆ ಅಂಗಡಿ ಮುಂದೆ 'ಇದೇ ಹಳೆಯ, ಅಸಲಿ. ನಮಗೆ ಬೇರೆಲ್ಲೂ ಶಾಖೆಗಳಿಲ್ಲ' ಅಂತ. ಫ್ಲೆಕ್ಸ್ ಮೇಲೆ ಬರೆಸಿದ್ರೆ ಪಕ್ಕದ ಅಂಗಡಿ ಜೊತೆ ಜಗಳ. ಕಲ್ಲಿನ ಮೇಲೆ ಕೆತ್ತಿಸಿದ್ರೆ ಶಾಸನ."

ರಾಮೋನ್‌ಗಳ ಮಧ್ಯೆ ಒಬ್ಬ ರಿಕಾರ್ಡೊ ಕೂಡ ಬಂದ. ರಿಕಾರ್ಡೊ ಗಾರ್ಸಿಯಾ, ಅದೇ ಹಿಲ್ಟನ್ನಿನವನು. ಅವನು ಪಾನೀಯವನ್ನು ತೆಂಗಿನ ಚಿಪ್ಪಿನಲ್ಲಿ ಕೊಡುತ್ತಿದ್ದನಂತೆ. 1954ರಲ್ಲಿ ಕಾಯಿ ಕೊಯ್ಯುವವರು ಮುಷ್ಕರ ಹೂಡಿದರಂತೆ. ಚಿಪ್ಪಿಲ್ಲ, ಗಿರಾಕಿ ಕಾಯುತ್ತಿದ್ದಾನೆ. ಕೈಗೆ ಸಿಕ್ಕ ಅನಾನಸಿನ ತಿರುಳು ತೆಗೆದು ಅದರೊಳಗೇ ಸುರಿದುಕೊಟ್ಟನಂತೆ. ಪುಟ್ಟಸ್ವಾಮಿ ತೊಡೆ ತಟ್ಟಿದ. ಮುಷ್ಕರದಿಂದ ಜಗತ್ತಿಗೆ ಒಳ್ಳೇದಾದದ್ದಕ್ಕೆ ಇನ್ನೇನು ಸಾಕ್ಷಿ ಬೇಕು ಅಂತ ಅವನ ವಾದ. ರಿಕಾರ್ಡೊಗೇ ಅವನ ಮತ.

"ಇದಕ್ಕೂ ಹಿಂದಿನ ಕಥೆ ಇದೆ," ಕಿಟ್ಟಿ ದನಿ ತಗ್ಗಿಸಿದ. "ರೊಬೆರ್ತೊ ಕೊಫ್ರೆಸಿ ಅಂತ ಕಡಲ್ಗಳ್ಳ. 1825ರಲ್ಲಿ ಸ್ಪೇನಿನೋರು ಅವನನ್ನ ಹಿಡಿದು ಗುಂಡಿಕ್ಕಿ ಕೊಂದ್ರು. ತನ್ನ ಕಡೆಯೋರು ಅಂಜಬಾರದು ಅಂತ ಅವನು ತೆಂಗು, ಅನಾನಸ್, ಬಿಳಿ ರಮ್ ಬೆರೆಸಿ ಕುಡಿಸ್ತಿದ್ನಂತೆ. ಅವನು ಹೋದ ಮೇಲೆ ಆ ಹದ ಯಾರಿಗೂ ಗೊತ್ತಾಗಲಿಲ್ಲ ಅಂತ ಐತಿಹ್ಯ."

"ಕಡಲ್ಗಳ್ಳನಿಗೆ ಐಸ್ ಯಾರು ಕೊಟ್ರು?"

ಕಿಟ್ಟಿ ಇದನ್ನು ಯೋಚಿಸಿರಲಿಲ್ಲ.

"ಮಿಕ್ಸಿ ಇರಲಿಲ್ಲ, ಐಸ್ ಇರಲಿಲ್ಲ, ಡಬ್ಬದ ಪ್ರೊಫೆಸರ್ ಇನ್ನೂ ಹುಟ್ಟಿರಲಿಲ್ಲ. ಬಿಸಿಲಲ್ಲಿ ಬೆಚ್ಚಗಾದ ತೆಂಗಿನಹಾಲು, ಹಡಗಿನ ಕುಲುಕಾಟ. ಅಂಜಿಕೆ ಹೋಗಿರಬೇಕು ನಿಜ. ಹೊಟ್ಟೆ ಕೆಟ್ಟೋನಿಗೆ ಗುಂಡಿನ ಭಯ ಎಲ್ಲಿರುತ್ತೆ?"

ಜಯಕ್ಕ ಕಾಫಿ ತಂದಿಟ್ಟು, "ಕೊಲಾಡಾ ಅಂದ್ರೆ ಏನು ಅರ್ಥ?" ಅಂತ ಕೇಳಿದರು.

"ಸೋಸಿದ್ದು ಅಂತ ಜಯಕ್ಕ. ಪಿನ್ಯಾ ಅಂದ್ರೆ ಅನಾನಸ್. ಸೋಸಿದ ಅನಾನಸ್."

"ಈಗ ಅವರು ಸೋಸ್ತಾರೋ?"

"ಇಲ್ಲ... ಎಲ್ಲಾ ಒಟ್ಟಿಗೆ ಹಾಕಿ ಗಿರ್ ಅನ್ನಿಸ್ತಾರೆ."

"ಮತ್ತೆ!" ಅಂದರು ಜಯಕ್ಕ. ಆ ಒಂದು 'ಮತ್ತೆ'ಯಲ್ಲಿ ಮಿಕ್ಸಿ ಬಂದ ಮೇಲಿನ ಸಕಲ ನಾಗರಿಕತೆಗೂ ತೀರ್ಪು ಸಿಕ್ಕಿತು. "ದಿನವೂ ಸೋಸೋಳು ನಾನು. ಡಿಕಾಕ್ಷನ್ನು ಸೋಸಿದೆ, ಹಾಲು ಸೋಸಿದೆ, ಹುಣಸೆಹಣ್ಣು ಸೋಸಿದೆ. ನನಗೆ ಯಾವ ದಿನ ಇದೆ?"

ಯಾರೂ ಉತ್ತರ ಕೊಡಲಿಲ್ಲ. ಎಲ್ಲರೂ ಕಾಫಿ ಹೀರಿದರು, ಸ್ವಲ್ಪ ಜೋರಾಗಿಯೇ.

ಮೌನ ಮುರಿಯಲು ಕಿಟ್ಟಿ ಇನ್ನೊಂದು ಅಸ್ತ್ರ ತೆಗೆದ. 1978ರಲ್ಲಿ ಪೋರ್ಟೊ ರಿಕೊ ಇದನ್ನು ತನ್ನ ಅಧಿಕೃತ ಪಾನೀಯ ಅಂತ ಘೋಷಿಸಿತು. 2004ರಲ್ಲಿ ಐವತ್ತು ತುಂಬಿತು ಅಂತ ಗವರ್ನರು ಹಿಲ್ಟನ್ನಿನವರಿಗೆ ಘೋಷಣಾ ಪತ್ರ ಬೇರೆ ಕೊಟ್ಟರು.

"ಅಮೆರಿಕದ ಅಧ್ಯಕ್ಷರ ಚುನಾವಣೇಲಿ ಆ ದ್ವೀಪದಲ್ಲಿರೋರಿಗೆ ಮತ ಇಲ್ಲ ಅಲ್ವೇನೋ?" ಶೀನ ಕೇಳಿದ.

"ಇಲ್ಲ. 1898ರಿಂದ ಅಮೆರಿಕದ ಕೈಯಲ್ಲಿದೆ, ಪ್ರಜೆಗಳೂ ಹೌದು, ಆದ್ರೆ ಅಲ್ಲಿದ್ದುಕೊಂಡು ಮತ ಹಾಕೋ ಹಾಗಿಲ್ಲ."

"ನೋಡು ಮತ್ತೆ. ಅಧ್ಯಕ್ಷರನ್ನ ಆರಿಸೋ ಹಾಗಿಲ್ಲ, ಏನು ಕುಡಿಯೋದು ಅಂತ ಆರಿಸ್ಕೊಂಡ್ರು. ಬುದ್ಧಿವಂತರು. ಯಾವುದು ಐದು ವರ್ಷ ಆದ್ರೂ ಮಾತಿಗೆ ತಪ್ಪಲ್ಲ ಅಂತ ಗೊತ್ತವರಿಗೆ."

ಮಾತು ಅಲ್ಲಿಂದ ದಾರಿ ತಪ್ಪಿತು. ನಮಗೆ ನೀಲಕಂಠ ಇದೆ, ಶ್ರೀಗಂಧ ಇದೆ, ಆನೆ ಇದೆ. ಕರ್ನಾಟಕಕ್ಕೆ ಅಧಿಕೃತ ಪಾನೀಯ ಯಾವುದಾಗಬೇಕು? ಕಿಟ್ಟಿ ಕಾಫಿ ಅಂದ. ಪುಟ್ಟಸ್ವಾಮಿ, ಕಾಫಿ ಮೊನ್ನೆ ಬಂದದ್ದು, ರಾಗಿ ಅಂಬಲಿ ಅಂದ. ರಾಘಣ್ಣ ಬೆಲ್ಲದ ಪಾನಕ ಅಂದರು, ಯಾಲಕ್ಕಿ ಹಾಕಿದ್ದು. ಉತ್ತರ ಕರ್ನಾಟಕದವರು ಒಪ್ಪಬೇಕಲ್ಲ, ಮಜ್ಜಿಗೆಯೇ ಸರಿ ಅಂತ ಕಿಟ್ಟಿ ಮಧ್ಯಸ್ಥಿಕೆ ಮಾಡಿದ. ಮಜ್ಜಿಗೆಗೆ ಒಗ್ಗರಣೆ ಹಾಕಬೇಕೋ ಬೇಡವೋ ಅನ್ನುವಲ್ಲಿ ರಾಜ್ಯ ಮತ್ತೆ ಒಡೆಯಿತು.

"ಕಷಾಯ," ಅಂದ ಶೀನ. "ನೆಗಡಿಗೆ ಮೇಲು ಕೀಳು, ಉತ್ತರ ದಕ್ಷಿಣ ಇಲ್ಲ."

"ಮೊದಲು ಲೋಟ ತೊಳೆಯೋರು ಯಾರು ಅಂತ ಅಧಿಕೃತವಾಗಿ ಘೋಷಿಸಿ," ಒಳಗಿನಿಂದ ಬಂತು.

ಕಿಟ್ಟಿಗೆ ತನ್ನ ಹಬ್ಬ ಕೈತಪ್ಪಿದ ಸಂಕಟ. "ನೀವು ಏನೇ ಅನ್ನಿ, ಇದರಲ್ಲಿ ನಮ್ಮದೂ ಪಾಲಿದೆ," ಅಂದ.

ಇಲ್ಲಿ ಶೀನನ ಕಣ್ಣು ಬೆಳಗಿತು. ಅವನಿಗೆ ದಿನಗಳ ಮೇಲೆ ಸಿಟ್ಟು, ಹಣ್ಣುಗಳ ಮೇಲಲ್ಲ.

"ಪಾಲಲ್ಲ ಕಿಟ್ಟಿ, ಬೀಗತನ. ಕೆರಿಬಿಯನ್ ಕಡೆ ತೆಂಗೇ ಇರಲಿಲ್ಲ. ಪೋರ್ಚುಗೀಸರ ಹಡಗುಗಳು ನಮ್ಮ ಹಿಂದೂ ಮಹಾಸಾಗರದ ಕಡೆಯಿಂದ ತೆಂಗು ಒಯ್ದು ಆಫ್ರಿಕಾ ಪಕ್ಕದ ಕೇಪ್ ವರ್ಡೆ ದ್ವೀಪಗಳಲ್ಲಿ ನೆಟ್ಟು, ಅಲ್ಲಿಂದ ಅದು ದಾಟ್ತು. ಆ ಕಡೆ ತೆಂಗಿನ ವಂಶ ಹಿಡ್ಕೊಂಡು ಹೋದ್ರೆ ಇಂಡಿಯಾ ಕಡೆ ತೆಂಗಿಗೇ ಬಂದು ಮುಟ್ಟುತ್ತೆ ಅಂತ ಜೀನ್ ಪರೀಕ್ಷೆ ಮಾಡಿದೋರು 2011ರಲ್ಲಿ ಬರೆದಿದ್ದಾರೆ. ಅನಾನಸ್ ಆ ಕಡೇದು, ದಕ್ಷಿಣ ಅಮೆರಿಕದ್ದು. ಅದನ್ನ ಅದೇ ಪೋರ್ಚುಗೀಸರೇ ಇಲ್ಲಿಗೆ ತಂದ್ರು. ಹೆಸರೂ ಅಲ್ಲೀದೇ, ಅನಾನಸ್. ಇಲ್ಲಿಂದ ಮಗಳು ಹೋದ್ಲು, ಅಲ್ಲಿಂದ ಸೊಸೆ ಬಂದ್ಲು. ಸೊಸೆ ಇಲ್ಲಿ ಗೊಜ್ಜಾದ್ಲು, ಮದುವೆ ಮನೇಲಿ ಕೇಸರಿಬಾತ್ ಆದ್ಲು. ನಾವು ಬದಲಿಗೆ ಸೊಸೆಗೆ ಮೆಣಸು, ಸಾಸಿವೆ, ಎಳ್ಳು ಹಾಕಿದ್ವಿ. ಅವರು ಮಗಳಿಗೆ ಹೆಂಡ ಹಾಕಿದ್ರು. ಅಷ್ಟೇ ವ್ಯತ್ಯಾಸ."

"ಹೆಂಡಾನೂ ನಮ್ಮದೇ ಅಲ್ವರಾ?" ಪುಟ್ಟಸ್ವಾಮಿ ಎದ್ದು ಕೂತ. "ರಮ್ಮು ಅಂದ್ರೆ ಕಬ್ಬು. ಕಾಕಂಬಿ ಹುಳಿ ಬರ್ಸಿ ಬಟ್ಟಿ ಇಳ್ಸೋದು."

"ಕಬ್ಬಿನ ತವರು ನ್ಯೂಗಿನಿ ಪುಟ್ಟಸ್ವಾಮಿ. ಆದ್ರೆ ಹಿಂಡಿ, ಕಾಯಿಸಿ, ಹರಳುಗಟ್ಟಿಸೋ ವಿದ್ಯೆ ನಮ್ಮ ಕಡೇದು. ಶರ್ಕರ ಅಂದ್ವಿ, ಅರಬರು ಸುಕ್ಕರ್ ಅಂದ್ರು, ಸ್ಪೇನಿನೋರು ಅಸೂಕರ್ ಅಂದ್ರು. ಕೊಲಂಬಸ್ 1493ರಲ್ಲಿ ಎರಡನೇ ಸಲ ಹೋದಾಗ ಹಡಗಲ್ಲಿ ಕಬ್ಬು ಒಯ್ದ. ಅದೇ ಪಯಣದಲ್ಲಿ ಗ್ವಾದಲೂಪ್ ಅನ್ನೋ ದ್ವೀಪದಲ್ಲಿ ಮೊದಲ ಸಲ ಅನಾನಸ್ ಕಂಡ. ಅದೇ ನವೆಂಬರಿನಲ್ಲಿ ಪೋರ್ಟೊ ರಿಕೊಗೂ ಕಾಲಿಟ್ಟ. ಗಂಡು, ಹೆಣ್ಣು, ಛತ್ರ ಮೂರೂ ಒಂದೇ ತಿಂಗಳಲ್ಲಿ ಗೊತ್ತಾಯ್ತು. ಲಗ್ನಕ್ಕೆ ಮಾತ್ರ ನಾನೂರ ಅರವತ್ತು ವರ್ಷ ಕಾದ್ರು."

"ಅಲ್ಲಿ ಈಗ್ಲೂ ಕಬ್ಬು ಹಾಕ್ತಾರಾ?" ಪುಟ್ಟಸ್ವಾಮಿ ಕೇಳಿದ. ಅವನಿಗೆ ಮಂಡ್ಯದ ಹತ್ತಿರ ಎರಡು ಎಕರೆ ಇತ್ತು, ಈಗ ಒಂದಿದೆ.

ಕಿಟ್ಟಿ ತಲೆ ಕೆರೆದುಕೊಂಡ. "ಗೈಡ್ ಹೇಳ್ತಿದ್ದ. ಒಂದು ಕಾಲಕ್ಕೆ ದ್ವೀಪದ ತುಂಬಾ ಕಬ್ಬೇ ಇತ್ತಂತೆ. ಈ ಶತಮಾನ ಶುರುವಾಗೋ ಹೊತ್ತಿಗೆ ಕೊನೇ ಸಕ್ಕರೆ ಕಾರ್ಖಾನೇನೂ ಮುಚ್ಚಿತು. ಈಗ ರಮ್ಮಿಗೆ ಬಹುಪಾಲು ಕಾಕಂಬಿ ಹೊರಗಿಂದಾನೇ ಬರೋದು."

"ಅಲ್ಲೂ ಮುಚ್ಚಿದ್ವಾ," ಅಂದ ಪುಟ್ಟಸ್ವಾಮಿ. ಕಡಿದ ಕಬ್ಬನ್ನು ಟ್ರಾಕ್ಟರಿನಲ್ಲಿ ತುಂಬಿ ಕಾರ್ಖಾನೆಯೊಂದರ ಗೇಟಿನ ಮುಂದೆ ಮೂರು ರಾತ್ರಿ ಮಲಗಿದ್ದನ್ನು ಅವನು ಈ ಜಗಲಿಯಲ್ಲಿ ಒಂದೇ ಸಲ ಹೇಳಿದ್ದಾನೆ. ಕಬ್ಬು ಒಣಗಿ ತೂಕ ಇಳಿಯುತ್ತಿದ್ದರೆ ಅದರ ಸದ್ದು ಕೇಳುತ್ತದೆ ಅಂದಿದ್ದ. ಈಗ ಏನೂ ಹೇಳಲಿಲ್ಲ. "ಹಂಗಾರೆ ಆ ಲೋಟದಾಗೆ ಅವರದ್ದು ಅಂತ ಏನೈತೆ?"

"ಲಾಹಾಸ್ ಅಂತ ಊರಿದೆ, ಅಲ್ಲಿ ಈಗಲೂ ದಪ್ಪ ತಲೆ ಅನಾನಸ್ ಬೆಳೀತಾರೆ," ಅಂದ ಕಿಟ್ಟಿ ಮೆಲ್ಲಗೆ.

"ಮತ್ತೆ ಛತ್ರಿ ಇದೆ," ಅಂದ ಶೀನ. "ಲೋಟದ ಮೇಲೆ ಸಿಕ್ಕಿಸ್ತಾರಲ್ಲ, ಕಾಗದದ್ದು."

ಆಗಲೇ ಕಿಟ್ಟಿ ಜೇಬಿಗೆ ಕೈಹಾಕಿ ಕರವಸ್ತ್ರದಲ್ಲಿ ಸುತ್ತಿದ್ದ ನಾಲ್ಕು ಪುಟ್ಟ ಛತ್ರಿ ತೆಗೆದದ್ದು. ಗುಲಾಬಿ, ಹಸಿರು, ಹಳದಿ, ನೀಲಿ. ಎರಡು ವರ್ಷದಿಂದ ಗೋದ್ರೇಜ್ ಬೀರುವಿನಲ್ಲಿ, ರೇಷ್ಮೆ ಸೀರೆಗಳ ನಡುವೆ ಇದ್ದು ನುಸಿಗುಳಿಗೆ ವಾಸನೆ ಹಿಡಿದಿದ್ದವು.

"ಅವತ್ತು ನಾಲ್ಕು ಲೋಟ ತರಿಸಿದ್ದ ಮಗ," ಅಂದ. "ನಮ್ಮಿಬ್ಬರದ್ದು ರಮ್ ಇಲ್ಲದ್ದು. ವರ್ಜಿನ್ ಅಂತಾರೆ."

"ಪಿನ್ಯಾ ಅಲ್ಲ, ಕನ್ಯಾ ಕೊಲಾಡಾ."

"ಹೂಂ ಕಣೋ. ಹೋದ ವರ್ಷ ಈ ದಿನ ಫೋಟೊ ಕಳಿಸಿದ್ದ. 'ಅಪ್ಪಾ ನೆನಪಿದೆಯಾ, ಹ್ಯಾಪಿ ಪಿನ್ಯಾ ಕೊಲಾಡಾ ಡೇ' ಅಂತ. ಯುಗಾದಿಗೆ ಅವನಿಗೆ ರಜಾ ಇರಲ್ಲ, ಮರೆತುಹೋಗುತ್ತೆ. ಇದು ನೆನಪಿತ್ತು. ಈ ಸಲ ನಾನೇ ಮೊದಲು ಮಾಡಿ ತೋರಿಸೋಣ ಅಂತ. ಸಂಜೆ ಆರಕ್ಕೆ ವಿಡಿಯೊ ಕಾಲ್ ಮಾಡ್ತೀನಿ ಅಂದಿದ್ದಾನೆ. ಅಲ್ಲಿ ಬೆಳಿಗ್ಗೆ ಎಂಟೂವರೆ."

ಶೀನ ಪೇಪರ್ ಬಿಡಿಸಲು ಹೋದವನು ಬಿಡಿಸಲಿಲ್ಲ. ಗಡಿಯಾರ ನೋಡಿದ. ಐದೂಕಾಲು.

"ಜಯಾ, ಕಾಯಿ ಇದೆಯಾ?"

ಒಳಗೆ ಆಗಲೇ ಕಾಯಿ ಒಡೆದ ಸದ್ದಾಯಿತು.

ಲೆಕ್ಕದ ಪ್ರಕಾರ 50 ಮಿಲಿ ರಮ್, 50 ಮಿಲಿ ಅನಾನಸ್ ರಸ, 30 ಮಿಲಿ ಗಟ್ಟಿ ತೆಂಗಿನಹಾಲು. ಬಾರಿನವರ ಅಂತರರಾಷ್ಟ್ರೀಯ ಸಂಘ ಹಾಕಿಕೊಟ್ಟ ಅಳತೆ. ರಮ್ಮಿನ ಐವತ್ತನ್ನು ಗುರುಪೂರ್ಣಿಮೆ ಕಳೆಯಿತು. ಅರ್ಧವಾದರೂ ಉಳಿಸಬಹುದೇ ಅಂತ ಪುಟ್ಟಸ್ವಾಮಿ ಕೇಳಿ ನೋಡಿದ. ವ್ಯಾಸರ ದಿನ ಅಂತ ರಾಘಣ್ಣ ಕಣ್ಣು ಬಿಟ್ಟರು. ಕಿಟ್ಟಿ ಡಬ್ಬದ ಬದಲು ಹಸುವಿನ ಹಾಲು ಸೇರಿಸಿದರೆ ಗಟ್ಟಿಯಾಗುತ್ತೆ ಅಂದ. "ಅನಾನಸಿಗೆ ಹಾಲು ಹಾಕಿದ್ರೆ ಕಹಿಯಾಗುತ್ತೆ, ಹೊರಗೆ ಕೂತ್ಕೊಳಿ," ಅಂದರು ಜಯಕ್ಕ.

ಅವರು ಡಬ್ಬದ ಪ್ರೊಫೆಸರನ್ನು ನಂಬಲಿಲ್ಲ. ತುರಿಯುವ ಮಣೆ ಎಳೆದುಕೊಂಡು ಕೂತರು. ತುರಿದು, ರುಬ್ಬಿ, ಹಳೇ ಪಂಚೆಯ ತುಂಡಿಗೆ ಹಾಕಿ ಹಿಂಡಿದರು. ಮೊದಲ ಹಾಲು ಬೆರಳ ಸಂದಿಯಿಂದ ದಪ್ಪವಾಗಿ, ನಿಧಾನವಾಗಿ ಇಳಿಯಿತು. ಶೀನ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ತೀರ್ಥಹಳ್ಳಿ ಮನೆಯಲ್ಲಿ ಒತ್ತು ಶಾವಿಗೆ ದಿನ ಅಮ್ಮ ಹೀಗೇ ಹಿಂಡುತ್ತಿದ್ದಳು. ಮೊದಲ ಹಾಲು ಮಕ್ಕಳಿಗೆ ಮತ್ತು ಅಪ್ಪನಿಗೆ, ಬೆಲ್ಲ ಯಾಲಕ್ಕಿ ಹಾಕಿ. ಎರಡನೇ ಹಾಲು, ನೀರು ಹಾಕಿ ಹಿಂಡಿದ್ದು, ತೆಳ್ಳಗಿನದು, ತನಗೆ. ಬಟ್ಟೆ ಒದರಿದರೆ ಚರಟ ಹಸುವಿಗೆ. ಒಂದು ದಿನವೂ "ಅಮ್ಮಾ, ಮೊದಲ ಹಾಲು ನೀನು ತಗೋ" ಅಂದದ್ದು ಶೀನನಿಗೆ ನೆನಪಿಲ್ಲ.

"ಏನು ಹಾಗೆ ನಿಂತಿದ್ದೀರಿ?"

"ಏನಿಲ್ಲ. ಕೊಡು ಇಲ್ಲಿ, ಎರಡನೇದು ನಾನು ಹಿಂಡ್ತೀನಿ."

ಜಯಕ್ಕ ಅವನ ಮುಖ ನೋಡಿ ಬಟ್ಟೆ ಕೊಟ್ಟರು. ಅವನು ಹಿಂಡಿದ್ದಕ್ಕಿಂತ ಅಂಗಿ ಮೇಲೆ ಸುರಿದುಕೊಂಡದ್ದೇ ಹೆಚ್ಚು.

ಆರಕ್ಕೆ ಐದು ನಿಮಿಷ ಇರುವಾಗ ಸ್ಟೀಲ್ ಲೋಟಗಳು ಜಗಲಿಗೆ ಬಂದವು. ಮೇಲೆ ಅನಾನಸಿನ ತುಂಡು, ತುಂಡಿಗೆ ಚುಚ್ಚಿದ ಛತ್ರಿ. ರಾಘಣ್ಣ ಕೈಮುಗಿದು ಲೋಟ ಹಿಂದೆ ಸರಿಸಿದರು. ಶಾಕವ್ರತ, ಈ ತಿಂಗಳು ಮಾವು ಬಿಟ್ಟು ಬೇರೆ ಹಣ್ಣಿಲ್ಲ.

"ವ್ರತದ ಪುಸ್ತಕದಲ್ಲಿ ರಮ್ ನಿಷಿದ್ಧ ಅಂತ ಎಲ್ಲಾದ್ರೂ ಬರ್ದೈತಾ ರಾಘಣ್ಣ?" ಪುಟ್ಟಸ್ವಾಮಿ ಮೀಸೆಯಡಿ ನಕ್ಕ.

"ಬರೆಯೋ ಅಗತ್ಯ ಬಿದ್ದಿರಲಿಲ್ಲ," ಅಂದರು ರಾಘಣ್ಣ. ಅಂದರೂ, ಲೋಟದ ಕಡೆಗೆ ಬಗ್ಗಿ ಒಮ್ಮೆ ವಾಸನೆ ತೆಗೆದುಕೊಂಡರು.

ಫೋನ್ ಗುನುಗಿತು. ಕಿಟ್ಟಿ ಕೂದಲು ಸವರಿಕೊಂಡು, ಲೋಟವನ್ನು ಕೆನ್ನೆಯ ಪಕ್ಕ ಛತ್ರಿ ಕಾಣುವ ಹಾಗೆ ಹಿಡಿದು, ಗುಂಡಿ ಒತ್ತಿದ. ಪರದೆ ತುಂಬ ಮಗ. ಬೆಳಗಿನ ಸ್ನಾನ ಮಾಡಿ, ಹಣೆಗೆ ಕುಂಕುಮ ಇಟ್ಟುಕೊಂಡಿದ್ದ. ಹಿಂದೆ ಗೂಡಿನಲ್ಲಿ ಒಂದು ದೀಪ.

"ಅಪ್ಪಾ, ನಮಸ್ಕಾರ. ಇವತ್ತು ಗುರುಪೂರ್ಣಿಮೆ ಅಲ್ವಾ, ಮೊದಲು ನಿನಗೇ ಮಾಡೋಣ ಅಂತ... ಅದೇನಪ್ಪಾ ಕೈಯಲ್ಲಿ?"

ಕಿಟ್ಟಿ ಲೋಟ ಕೆಳಗಿಳಿಸಿದ. "ಇದಾ? ಇದು... ಕಾಯಿಹಾಲು ಮಗಾ."

"ಛತ್ರಿ ಯಾಕೆ?"

"ಇಲ್ಲಿ ಮಳೆ ಕಣಪ್ಪ!" ಪಕ್ಕದಿಂದ ಶೀನ ಕೂಗಿ ಹೇಳಿದ.

ಆ ಕಡೆ ಒಂದು ಗಳಿಗೆ ಸದ್ದಿಲ್ಲ. ಆಮೇಲೆ ಹುಡುಗ ನಕ್ಕ ರೀತಿಗೆ ಅಲ್ಲಿ ಯಾರಿಗೂ ಇನ್ನೇನೂ ಹೇಳಬೇಕಾಗಲಿಲ್ಲ. ಕಿಟ್ಟಿ ಫೋನ್ ಹಿಡಿದುಕೊಂಡು ಒಳಗೆ ಹೋದ, ಜಯಕ್ಕನಿಗೆ ತೋರಿಸುತ್ತೇನೆ ಅಂತ.

ಹೊರಗೆ ಜಿಟಿಜಿಟಿ ನಿಂತಿರಲಿಲ್ಲ. ರಾಘಣ್ಣ ತಮ್ಮ ಪಾಲಿನ ಲೋಟವನ್ನು ಪುಟ್ಟಸ್ವಾಮಿ ಕಡೆ ತಳ್ಳಿದರು. ಆಮೇಲೆ ಏನೋ ನೆನಪಾಗಿ ತಡೆದರು.

"ಆ ಛತ್ರಿ ಮಾತ್ರ ನನಗಿರಲಿ. ಅದು ಶಾಕದಲ್ಲಿ ಬರಲ್ಲ."